ಗಾಳದ ಕೋಲಿಗೆ ಹೊಸ ಹಿಡಿ

ಭಾನುವಾರ ಬೆಳಗ್ಗೆ ಜಗಲಿಯ ಮೂಲೆಯಲ್ಲಿದ್ದ ಜೇಡರ ಬಲೆ ತೆಗೆಯಲು ಹೊರಟ ಸೋಮೇಶ, ಉದ್ದದ ಪೊರಕೆ ಹುಡುಕಲು ಸೋಮಾರಿತನವಾಗಿ, ಮನೆ ಯಜಮಾನರ ಗಾಳದ ಕೋಲನ್ನೇ ಕೈಗೆತ್ತಿಕೊಂಡ. ಬಲೆ ಹೋಯಿತು, ಜೇಡವೂ ಹೋಯಿತು. ಕೋಲನ್ನು ಮೊಳೆಗೆ ಸಿಕ್ಕಿಸಿ ನೋಡಿದರೆ ಅಂಗೈ ತುಂಬ ಕಪ್ಪು ಪುಡಿ. ಕೋಲಿನ ಹಿಡಿಗೆ ಹಾಕಿದ್ದ ಸ್ಪಂಜು ಹಳೇ ರಸ್ಕಿನ ಹಾಗೆ ಉದುರಿ ಅರ್ಧಕ್ಕರ್ಧ ಅವನ ಕೈಗೇ ಬಂದಿತ್ತು.

ಬೇರೆ ದಿನವಾಗಿದ್ದರೆ ಕೈ ಒರೆಸಿಕೊಂಡು, ಏನೂ ಗೊತ್ತಿಲ್ಲದವನಂತೆ ಇದ್ದುಬಿಡುತ್ತಿದ್ದ. ಆದರೆ ಅಂದು ಸಂಜೆ ಯಜಮಾನರಾದ ಚಿಕ್ಕಮಲ್ಲಪ್ಪನವರು ಹರದನಹಳ್ಳಿಯಿಂದ ಬರುವವರಿದ್ದರು. "ಮನೆ ವಿಚಾರ ಒಂದ್ ತೀರ್ಮಾನ ಹೇಳ್ಬುಡ್ತೀನಿ, ಭಾನ್ವಾರ ಸಂಜೆ ಎಲ್ಲೂ ಓಗ್ಬೇಡ ಕಣಪ್ಪ" ಎಂದು ಫೋನು ಮಾಡಿದ್ದರು. ತೀರ್ಮಾನ ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ಸೋಮೇಶನಿಗೆ ಊಟ ರುಚಿಸುತ್ತಿರಲಿಲ್ಲ.

ಚಾಮರಾಜನಗರದ ಆ ಬಾಡಿಗೆ ಮನೆ ಬಿಡಲು ಅವನಿಗೆ ಸುತರಾಂ ಇಷ್ಟವಿರಲಿಲ್ಲ. ಅವನು ಗುಂಡ್ಲುಪೇಟೆಯ ಗೊಬ್ಬರದ ಅಂಗಡಿಯಲ್ಲಿ ಗುಮಾಸ್ತ. ದಿನಾ ಹೋಗಿಬರುವ ಬಸ್ಸು ಮನೆಯ ಹತ್ತಿರವೇ ಸಿಗುತ್ತಿತ್ತು. ಹೆಂಡತಿ ಮಾನಸ ಮುಂದಿನ ರೂಮಿನಲ್ಲಿ ಹೊಲಿಗೆ ಮಷಿನ್ ಹಾಕಿಕೊಂಡು ಬೀದಿಯ ಅಷ್ಟೂ ರವಿಕೆಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿದ್ದಳು. ಮದುವೆಯಾದ ಮೇಲೆ ಇದು ಅವರ ಮೂರನೇ ಮನೆ, ಮಳೆ ಬಂದರೆ ಸೋರದ ಮೊದಲನೇ ಮನೆ.

ಚಿಕ್ಕಮಲ್ಲಪ್ಪನವರು ಬಸ್ ಡ್ರೈವರ್ ಆಗಿ ರಿಟೈರಾದವರು. ಮೀನಿನ ವಾಸನೆ ಹೆಂಡತಿಗೆ ಆಗದೆಂದು ಗಾಳದ ಕೋಲನ್ನು ಬಾಡಿಗೆಯವರ ಜಗಲಿಯಲ್ಲೇ ತೂಗುಹಾಕಿದ್ದರು. ಪ್ರತಿ ಭಾನುವಾರ ಮೊಪೆಡ್ಡಿನಲ್ಲಿ ಬಂದು, ಕೋಲು ತೆಗೆದುಕೊಂಡು ಕೆರೆಗೆ ಹೋಗುವುದು ವಾಡಿಕೆ. ಈಚೆಗೆ ಯಾಕೋ ಆ ಕಡೆ ತಲೆ ಹಾಕಿರಲಿಲ್ಲ. ತನ್ನ ಮೇಲೇ ಏನೋ ಮುನಿಸಿರಬೇಕು ಎಂದು ಸೋಮೇಶ ಲೆಕ್ಕ ಹಾಕಿದ್ದ.

"ಸಂಜೆಯೊಳ್ಗೆ ಹೊಸಾ ಹಿಡಿ ಹಾಕ್ಬುಟ್ರೆ ಯಜಮಾನ್ರು ಕರಗೋಯ್ತಾರೆ, ನೋಡ್ತಿರು," ಎಂದ.

"ಕೇಳ್ದೆ ಮುಟ್ಬೇಡಿ ಕಣ್ರೀ," ಎಂದಳು ಮಾನಸ, ಮಷಿನ್ ತುಳಿಯುತ್ತಲೇ.

"ಆಗ್ಲೇ ಮುಟ್ಬುಟ್ಟಿದ್ದೀನಲ್ಲ."

ಉಳಿದಿದ್ದ ಸ್ಪಂಜನ್ನು ಬ್ಲೇಡಿನಲ್ಲಿ ಹೆರೆದು, ಚೂರನ್ನೆಲ್ಲ ಬಾಚಿ ನೀರೊಲೆಗೆ ಹಾಕಿ ಬಂದ. ಅಷ್ಟರಲ್ಲಿ ಕಾಂಪೌಂಡಿನ ಮೇಲೆ ಪಕ್ಕದ ಮನೆಯ ಸಿದ್ದಯ್ಯನವರ ತಲೆ ಕಾಣಿಸಿತು. ಬೀದಿಯಲ್ಲಿ ಯಾರು ಏನನ್ನು ಬಿಚ್ಚಿದರೂ ಸಿದ್ದಯ್ಯನವರಿಗೆ ಮನೆಯೊಳಗೆ ಕೂರಲಾಗುತ್ತಿರಲಿಲ್ಲ.

"ಇದೇನಪ್ಪ, ಕೋಲ್ನ ಬೋಳ್ಸ್‌ಬುಟ್ಟಿದ್ದೀಯ? ಹಳೇ ಹಿಡಿ ಎಲ್ಲಿ?"

"ನೀರೊಲೆಗೆ ಹಾಕ್ದೆ ಅಣ್ಣ."

ಸಿದ್ದಯ್ಯನವರು ಸಾವಿನ ಮನೆಗೆ ಬಂದವರಂತೆ ತಲೆಯಾಡಿಸಿದರು. "ತಪ್ ಮಾಡ್ಬುಟ್ಟೆ. ಆ ಹಿಡಿ ಅಂದ್ರೆ ಅವ್ರಿಗೆ ಪ್ರಾಣ ಕಣಪ್ಪ. ಅವ್ರ ಬೆಳ್ಳಿನಚ್ಚೆಲ್ಲ ಅದ್ರ ಮ್ಯಾಗೇ ಇತ್ತು. ಒಂದಪ ನಾನು ಮುಟ್ಟಿ ನೋಡ್ದೆ ಅಂತ ಯುಗಾದಿಗಂಟ ಮಾತಾಡ್ನಿಲ್ಲ."

ಸೋಮೇಶ ಬಚ್ಚಲಿಗೆ ಓಡಿದ. ಯಜಮಾನರ ಬೆರಳಚ್ಚು ಆಗಲೇ ಹೊಗೆಯಾಗಿ, ಬಚ್ಚಲ ತುಂಬ ಸುಟ್ಟ ರಬ್ಬರಿನ ನಾತ ಮಾತ್ರ ಉಳಿದಿತ್ತು. ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ಗಾಳದ ಕೋಲಿನ ಹಿಡಿ ಎಲ್ಲಿ ಸಿಗುತ್ತದೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ತೆರೆದಿದ್ದ ಒಂದೇ ಒಂದು ಸೈಕಲ್ ಶಾಪಿನಿಂದ ಹ್ಯಾಂಡಲ್ಲಿಗೆ ಹಾಕುವ ಹಸಿರು ಗ್ರಿಪ್ಪು ತಂದ. ಅದು ಕೋಲಿನ ಮೇಲೆ ಇಳಿಯಲೊಲ್ಲದು.

"ಬಿಸ್ನೀರ್ಗೆ ಹಾಕು, ಮೆತ್ತಗಾಯ್ತದೆ," ಎಂದರು ಸಿದ್ದಯ್ಯ.

ಮೆತ್ತಗಾಯಿತು. ಸರಾಗವಾಗಿ ಅರ್ಧದವರೆಗೆ ಇಳಿಯಿತು. ಅಲ್ಲಿ ಸಿದ್ದಯ್ಯನವರು, ತಾವು ಹಿಂದೆ ಯಾರದೋ ಪಂಪ್‌ಸೆಟ್ಟಿನ ಪೈಪು ಜೋಡಿಸಿದ್ದ ಕತೆ ತೆಗೆದರು. ಕತೆ ಮುಗಿಯುವ ಹೊತ್ತಿಗೆ ಗ್ರಿಪ್ಪು ತಣ್ಣಗಾಗಿ, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ ಎಂದು ಕಚ್ಚಿಕೊಂಡುಬಿಟ್ಟಿತ್ತು.

"ನಾನು ಕೋಲ್ನ ಕಂಕ್ಳಲ್ಲಿ ಅಮುಕ್ಕತೀನಿ, ನೀನು ಗ್ರಿಪ್ ಎಳಿ," ಎನ್ನುತ್ತ ಸಿದ್ದಯ್ಯ ಕಾಂಪೌಂಡು ಸುತ್ತಿ ಈಚೆಗೆ ಬಂದರು.

ಸೋಮೇಶ ಗೇಟಿಗೆ ಬೆನ್ನು ಮಾಡಿ ಎಳೆದ. ಮೊದಲು ಮೆಲ್ಲಗೆ ಎಳೆದ, ಆಮೇಲೆ ಬಾಡಿಗೆ ಮನೆ ಕೈತಪ್ಪುತ್ತಿರುವವನ ಶಕ್ತಿಯನ್ನೆಲ್ಲ ಹಾಕಿ ಎಳೆದ. ಗ್ರಿಪ್ಪು ಪಟ್ಟನೆ ಕಳಚಿಕೊಂಡಿತು. ಅದನ್ನು ಹಿಡಿದುಕೊಂಡೇ ಅವನು ತೆರೆದ ಗೇಟಿನಿಂದ ಹಿಮ್ಮುಖವಾಗಿ ಬೀದಿಗೆ ಹೋಗಿ, ಎದುರುಮನೆಯ ಮಹಾಲಕ್ಷ್ಮಮ್ಮ ಬೇಯಿಸಿ ಟಾರ್ಪಾಲಿನ ಮೇಲೆ ಹರವಿದ್ದ ಅರಿಸಿನದ ಕೊಂಬುಗಳ ನಡುವೆ ಕುಳಿತ.

ಮಹಾಲಕ್ಷ್ಮಮ್ಮ ಬಾಗಿಲಿಗೆ ಬಂದು ಸಾವಧಾನವಾಗಿ ನೋಡಿದರು. "ನಿನ್ ಮದ್ವೇಲೂ ಇಷ್ಟು ಅರ್ಸ್ನ ಹಚ್ಚಿರ್ನಿಲ್ವೇನೊ ಕಣಪ್ಪ. ಈಗ ಎದ್ದು ಎಲ್ಲಾನೂ ಆಯ್ದಾಕು."

ಚೆಲ್ಲಾಪಿಲ್ಲಿಯಾದ ಕೊಂಬುಗಳನ್ನು ಆಯುತ್ತ ಆಯುತ್ತ ಮಧ್ಯಾಹ್ನವೇ ಆಯಿತು. ಸಿದ್ದಯ್ಯನವರು ಅಷ್ಟರಲ್ಲಿ ಏನೋ ಕೆಲಸ ನೆನಪಾಗಿ ತಮ್ಮ ಮನೆಯೊಳಗೆ ಹೋಗಿದ್ದರು. ಮಹಾಲಕ್ಷ್ಮಮ್ಮ ಮಾತ್ರ ನೆರಳಿನಲ್ಲಿ ಕುಳಿತು ಇಡೀ ಕತೆ ಕೇಳಿಸಿಕೊಂಡರು.

"ಮನೇಲಿ ಸೂಜಿ ದಾರ ಇಟ್ಕಂಡಿರೊ ಎಂಡ್ರ ಕೇಳದ್ ಬುಟ್ಟು ಊರೆಲ್ಲ ಸುತ್ಕ ಬಂದ್ಯಾ," ಎಂದರು ಕೊನೆಗೆ.

ಆ ಮಾತು ಸೋಮೇಶನಿಗೆ ಹೊಳೆದಿರಲಿಲ್ಲ. ಹಳದಿ ಪ್ಯಾಂಟಿನಲ್ಲೇ ಒಳಗೆ ಹೋಗಿ ಮಷಿನ್ ಮುಂದೆ ನಿಂತ. ಮಾನಸ ಬೈಯಲಿಲ್ಲ. ಅವಳಿಗೂ ಆ ಮನೆ ಬೇಕಿತ್ತು. ಗಿರಾಕಿಯ ತೋಳಿನ ಅಳತೆ ತೆಗೆಯುವಂತೆ ಕೋಲಿನ ಸುತ್ತಳತೆ ತೆಗೆದಳು. ಹಳೇ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಬಿಗಿಯಾಗಿ ಸುತ್ತಿದಳು, ಅದರ ಮೇಲೆ ತೆಳ್ಳಗೆ ಹತ್ತಿ ಹಾಸಿದಳು, ಎಲ್ಲದರ ಮೇಲೆ ಯಾರದೋ ಮದುವೆ ರವಿಕೆಯಲ್ಲಿ ಉಳಿದಿದ್ದ ಮೆರೂನ್ ಮಕಮಲ್ಲಿನ ತುಂಡನ್ನು ಸುತ್ತಿ ಒತ್ತೊತ್ತಾಗಿ ಕೈಹೊಲಿಗೆ ಹಾಕಿದಳು. ಸೋಮೇಶ ಹಿಡಿದು ನೋಡಿದ. ಬಿಡಲು ಮನಸ್ಸಾಗದಷ್ಟು ಹಿತವಾಗಿತ್ತು.

ಸಂಜೆ ಮೊಪೆಡ್ಡಿನ ಸದ್ದಾಯಿತು. ಸಿದ್ದಯ್ಯನವರ ತಲೆ ಕಾಂಪೌಂಡಿನ ಮೇಲೆ ಮತ್ತೆ ಹುಟ್ಟಿತು. ಮಹಾಲಕ್ಷ್ಮಮ್ಮ ಆಗಲೇ ಒಂದು ಸಲ ತಿರುವಿದ್ದ ಅರಿಸಿನವನ್ನು ಮತ್ತೆ ತಿರುವತೊಡಗಿದರು.

ಚಿಕ್ಕಮಲ್ಲಪ್ಪನವರು ಜಗಲಿ ಹತ್ತಿದವರೇ ಮೊಳೆಯ ಕಡೆ ನೋಡಿ ನಿಂತರು. ಕೋಲು ತೆಗೆದು, ಮೆರೂನ್ ಮಕಮಲ್ಲನ್ನು ಹಿಂದೆ ಮುಂದೆ ತಿರುಗಿಸಿದರು.

"ಹಳೇ ಹಿಡಿ ಏನಾಯ್ತು?"

"ಸುಟ್ಟೋಯ್ತು ಯಜಮಾನ್ರೆ." ಎಂದ ಸೋಮೇಶ.

ಅವರು ಜಗಲಿಯ ಅಂಚಿನಲ್ಲಿ ಕುಳಿತು, ಕೋಲನ್ನು ಬೀದಿಯತ್ತ ಚಾಚಿ, ಹಿಡಿಯನ್ನು ಬಿಗಿಯಾಗಿ ಹಿಡಿದರು. ಸಡಿಲಿಸಿ ಮತ್ತೆ ಹಿಡಿದರು. ಬೀದಿಯೇ ಕೆರೆಯೇನೋ ಎನ್ನುವಂತೆ ಬಹಳ ಹೊತ್ತು ಹಾಗೇ ಕುಳಿತಿದ್ದರು. ತಿರುಗಿದಾಗ ಅವರ ಕಣ್ಣು ತುಂಬಿತ್ತು.

"ನಾನ್ಯಾಕೆ ಈ ಕಡೆ ಬತ್ತಿರ್ನಿಲ್ಲ ಗೊತ್ತೇನಪ್ಪ? ಕೋಲು ಹಿಡುದ್ರೆ ಅಂಗೈ ಉರಿಯೋದು, ಬೆಳ್ಳು ಜೋಮು ಹಿಡಿಯೋದು. ವಯಸ್ಸಾಯ್ತು, ಸ್ಟೇರಿಂಗ್ ತಿರ್ಗ್ಸಿ ತಿರ್ಗ್ಸಿ ಕೈಯೇ ಸವುದೋಯ್ತು ಅನ್ಕಂಡು ಕೊರಗ್ತಿದ್ದೆ. ನಾನು ಸವುದಿರ್ನಿಲ್ಲ ಕಣಪ್ಪ. ಸವುದಿದ್ದು ಆ ಹಿಡಿ."

ಸೋಮೇಶನ ಎದೆಯ ಮೇಲಿನ ಕಲ್ಲು ಇಳಿಯಿತು. ಕಾಂಪೌಂಡಿನ ಮೇಲಿನ ತಲೆ, ಬಿಸಿನೀರಿನ ಉಪಾಯ ತಮ್ಮದೇ ಎಂದು ಹೇಳಲು ಬಾಯಿ ತೆರೆಯಿತು.

"ಇವತ್ತು ನಾನ್ ಬಂದಿದ್ ಯಾಕೆ ಅಂದ್ರೆ," ಯಜಮಾನರು ಮುಂದುವರಿಸಿದರು, "ಕೆರೆ ಸಾವಾಸ ಬುಟ್ಟು, ಮೈಸೂರಲ್ಲಿ ಮಗಳ ಜೊತೇಲಿ ಇದ್ಬುಡನ ಅಂತ ನಾನೂ ನಮ್ಮೋಳೂ ತೀರ್ಮಾನ ಮಾಡಿದ್ವಿ. ಈ ಮನೇಲಿ ನೀನೇ ಇರಪ್ಪ, ಎಷ್ಟು ವರ್ಸ ಬೇಕಾದ್ರೂ ಇರು ಅಂತ ಹೇಳನ ಅಂತ ಬಂದೆ."

ಒಳಗೆ ಹೊಲಿಗೆ ಮಷಿನ್ ನಿಂತಿತು. ಸೋಮೇಶ ಯಜಮಾನರ ಕಾಲು ಮುಟ್ಟಲು ಬಗ್ಗಿದ.

"ಅದು ಬರೋವಾಗ ಇದ್ದ ಯೋಚ್ನೆ," ಎಂದರು ಚಿಕ್ಕಮಲ್ಲಪ್ಪ, ಹಿಡಿಯನ್ನು ಸವರುತ್ತ. "ಈಗ ಇನ್ಯಾವ ಮೈಸೂರು? ಮಗಳ ಮನೇಲಿ ನಲ್ಲಿ ಬುಟ್ರೆ ಬೇರೆ ನೀರೇ ಇಲ್ಲ. ಈ ಮನೆಗೇ ಬಂದ್ಬುಡ್ತೀವಿ. ಇಲ್ಲಿಂದಾದ್ರೆ ದಿನಾ ಕೆರೆಗೆ ನಡ್ಕಂಡೇ ಓಗ್ಬೋದು. ನಮ್ಮೋಳು ಮೂಗು ಮುಚ್ಕತಾಳೆ ಬುಡು. ತಿಂಗ್ಳಾಖೈರಿಗೆ ಖಾಲಿ ಮಾಡ್ಕೊಟ್ಬುಡಪ್ಪ. ನೀವಿಬ್ರೂ ಮಾಡಿದ್ ಉಪಕಾರ ಸಾಯೋಗಂಟ ಮರೆಯಲ್ಲ."

ಬಗ್ಗಿದ್ದ ಸೋಮೇಶ ಬಗ್ಗಿದಂತೆಯೇ ಇದ್ದ. ಏಳಬೇಕೆಂಬುದು ಅವನಿಗೆ ನೆನಪಾಗಲಿಲ್ಲ.

ಜಗಲಿ ಇಳಿದು ಮೊಪೆಡ್ಡಿಗೆ ಕೋಲು ಕಟ್ಟಿಕೊಳ್ಳುತ್ತಿದ್ದ ಯಜಮಾನರಿಗೆ ಅವನನ್ನು ನೋಡಿ ಅಯ್ಯೋ ಅನ್ನಿಸಿತು. ಒಳ್ಳೆಯ ಮನುಷ್ಯ, ಹಾಗೇ ಬಿಟ್ಟು ಹೋಗುವವರಲ್ಲ.

"ಮಂಕಾಗ್ಬೇಡ ಕಣಪ್ಪ. ಹಿಂದ್ಗಡೆ ಬೀದೀಲಿ ನಮ್ ಬಸವಣ್ಣ ಅವ್ನೆ, ನನ್ ಬಸ್ಸಲ್ಲೇ ಕಂಡಕ್ಟರ್ ಆಗಿದ್ದಂವ. ಇದ್ಕಿಂತ ಒಳ್ಳೇ ಮನೆ. ಪುಣಜನೂರು ತಾವ ತೋಟ ಐತೆ, ಅಲ್ಲೇ ಓಗಿ ಇದ್ಬುಡ್ತೀನಿ, ಮನೆ ಯಾರ್ಗಾರ ಕೊಟ್ಬುಡ್ತೀನಿ ಅಂತವ್ನೆ. ನಿಂಗೇ ಕೊಡು ಅಂತ ನಾನ್ ಹೇಳ್ತೀನಿ."

ಸೋಮೇಶ ನೆಟ್ಟಗಾದ. ಮಾನಸ ಬಾಗಿಲಿಗೆ ಬಂದು ನಿಂತಿದ್ದಳು.

"ಅವ್ರ್ಯಾಕೆ ಊರು ಬಿಡ್ತಾವ್ರೆ ಯಜಮಾನ್ರೆ?" ಎಂದು ಕೇಳಿದಳು.

"ಅಂವನೂ ನನ್ನಂಗೇ ಗಾಳದೋನು ಕಣವ್ವ. ಕೋಲು ಹಿಡುದ್ರೆ ಕೈನೋವು, ಇನ್ನು ಇಲ್ಲಿದ್ದೇನು ಅಂತ ಬೇಜಾರಾಗವ್ನೆ. ಅವನ ಕೋಲಿನ ಹಿಡಿಯೂ ಪುಡಿಪುಡಿ ಆಗೈತೆ. ನಾಳೆ ಆ ಕೋಲು ತಂದ್ಕೊಡ್ತೀನಿ, ಇಂತದ್ದೇ ಒಂದು ಹಾಕ್ಕೊಡು. ಕುಸಿಯಾಗ್ಬುಡ್ತಾನೆ."

ಸೋಮೇಶ ಉತ್ಸಾಹದಿಂದ ಆಗಲಿ ಎನ್ನುವಷ್ಟರಲ್ಲಿ ಮಾನಸ ಅವನ ಕೈ ಹಿಡಿದು ಹಿಂದಕ್ಕೆ ಎಳೆದಳು.

"ಖಂಡಿತ ಹಾಕ್ಕೊಡ್ತೀನಿ ಯಜಮಾನ್ರೆ. ಮೊದ್ಲು ನಾವು ಆ ಮನೇಲಿ ಹಾಲುಕ್ಕಿಸ್ಬುಡ್ತೀವಿ. ಅಲ್ಲಿಗಂಟ ಕೈಗೆ ಒಂಚೂರು ಹರಳೆಣ್ಣೆ ಹಚ್ಕಳಕ್ಕೆ ಹೇಳಿ."