ಸಾವಿರದ ಆರು ಯಾರು?

ಆರಿನ್ ಟ್ವೇಟ್‌ನ ಗ್ರಹಚಾರ ಕೆಟ್ಟದ್ದು ಏಳು ಹೆಸರುಗಳಿಂದ. ಆ ಏಳು ಹೆಸರುಗಳನ್ನು ಅವನು ಸೋಮವಾರ ಸಂಜೆ ಆಫೀಸಿನ ಹೊಸ ಕಂಪ್ಯೂಟರಿಗೆ ಕೈಯಾರೆ ಟೈಪು ಮಾಡಿದ್ದ. ಹಾಗೆ ಮಾಡಬಾರದಿತ್ತು. ಹೆಸರಿನ ಪಟ್ಟಿ ಸರ್ವರಿನಿಂದ ತಾನಾಗಿಯೇ ಇಳಿದು ಬರುವ ವ್ಯವಸ್ಥೆ ಇತ್ತು. ಆದರೆ ಅದಕ್ಕೆ ಇಪ್ಪತ್ತು ನಿಮಿಷ ಕಾಯಬೇಕು, ಹೊರಗೆ ಹಿಮ ಶುರುವಾಗಿತ್ತು, ಅವನ ಕಾರಿಗೆ ಇನ್ನೂ ಬೇಸಿಗೆಯ ಟೈರೇ ಇತ್ತು. ಇರುವುದು ಏಳೇ ಜನ, ಇದೇನು ಮಹಾ ಎಂದುಕೊಂಡು, ಕಾಫಿ ಮೇಜಿನ ಸುತ್ತ ಯಾರ ಪಕ್ಕ ಯಾರು ಕೂರುತ್ತಾರೋ ಆ ಕ್ರಮದಲ್ಲೇ ಹೆಸರು ಹೊಡೆದು ಮನೆಗೆ ಹೋದ.

ಉತ್ತರ ಮಿನೆಸೋಟದ ಆ ಪುಟ್ಟ ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಆರಿನ್ ನಾಲ್ಕು ವರ್ಷದಿಂದ ತಾತ್ಕಾಲಿಕ ನೌಕರ. ಆರಾರು ತಿಂಗಳಿಗೆ ಕೆಲಸ ಮುಂದುವರಿಯುತ್ತಿತ್ತೇ ಹೊರತು ಕಾಯಂ ಆಗುತ್ತಿರಲಿಲ್ಲ. ಕಾಯಂ ಆದವರಿಗೆ ಮಾತ್ರ ಹಲ್ಲಿನ ವಿಮೆ. ಆರಿನ್‌ನ ಬಲಗಡೆಯ ಎರಡು ದವಡೆ ಹಲ್ಲುಗಳು ಆ ವಿಮೆಯನ್ನು ಕಾಯುತ್ತ ಒಂದು ವರ್ಷದಿಂದ ನೋಯುತ್ತಿದ್ದವು. ಮಂಗಳವಾರ ಮಧ್ಯಾಹ್ನ ಮೂರು ಗಂಟೆಯ ಮೀಟಿಂಗಿನಲ್ಲಿ ವಿಭಾಗದ ಮುಖ್ಯಸ್ಥೆ ಲಾರ್ನಾ ಹೌಗ್‌ಸ್ಟಾಡ್ ಅವನನ್ನು ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕುವವರಿದ್ದರು.

ಆ ಮಂಗಳವಾರ ಬೆಳಗ್ಗೆ ಎಂಟಕ್ಕೇ ಫೋನು ಬಂತು. ಆಫೀಸಿನ ಮಾರ್ಲಿಸ್. ಮೂವತ್ತೊಂದು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ನಾಲ್ಕು ಮುಖ್ಯಸ್ಥರನ್ನು ನಿವೃತ್ತಿ ಮಾಡಿ ಕಳಿಸಿದವಳು.

"ಏನಪ್ಪಾ ಆರಿನ್, ನನ್ನ ಫೈಲು ತೆಗೆಯೋಕೆ ನನಗೇ ಅನುಮತಿ ಇಲ್ಲ ಅಂತಿದೆ ನಿನ್ನ ಹೊಸ ಡಬ್ಬ. ಹಾಗಾದ್ರೆ ನಾನ್ಯಾರು?"

ಆರಿನ್ ಬಂದು ನೋಡಿದ. ವಿಭಾಗದ ಎಲ್ಲರ ಫೈಲುಗಳೂ ಇರುವುದು ನೆಲಮಾಳಿಗೆಯ ಸರ್ವರಿನಲ್ಲಿ. ಎಲ್ಲ ಕಂಪ್ಯೂಟರುಗಳೂ ಜಾಲದ ಮೂಲಕ ಅಲ್ಲಿಂದಲೇ ತೆರೆಯುತ್ತವೆ. ಹೊಸ ಯಂತ್ರದಲ್ಲಿ ಫೋಲ್ಡರುಗಳೇನೋ ಕಾಣಿಸುತ್ತಿದ್ದವು, ಮುಟ್ಟಲು ಹೋದರೆ ಮಾತ್ರ ಬಾಗಿಲು ಹಾಕಿಕೊಳ್ಳುತ್ತಿದ್ದವು. ವೈರು ಕಿತ್ತು ಮತ್ತೆ ಚುಚ್ಚಿದ. ಯಂತ್ರವನ್ನು ಎರಡು ಸಲ ಮಲಗಿಸಿ ಎಬ್ಬಿಸಿದ. ಆಚೆ ಕಟ್ಟಡದ ನೆಟ್‌ವರ್ಕಿನವರಿಗೆ ಫೋನು ಮಾಡಿದರೆ, ಅವನು ಹೆಸರು ಹೇಳುವಷ್ಟರಲ್ಲೇ ತಮ್ಮ ಕಡೆ ಏನೂ ತಪ್ಪಿಲ್ಲವೆಂದರು. ಕೇಳುವ ಮೊದಲೇ ತಪ್ಪಿಲ್ಲ ಎನ್ನುವವರನ್ನು ಆರಿನ್ ಯಾವತ್ತೂ ನಂಬಿದವನಲ್ಲ. ಅವರೇ ಏನೋ ಕಿತಾಪತಿ ಮಾಡಿದ್ದಾರೆ ಎಂದು ಗೊಣಗುತ್ತ ಮೇಜಿನ ಕೆಳಗೆ ನುಸುಳಿದ.

ಅವನು ಕೆಳಗೆ ವೈರು ಹುಡುಕುತ್ತಿರುವಾಗ ಮೇಲೆ ಮಾರ್ಲಿಸ್ ಸುಮ್ಮನಿರದೆ ಎಲ್ಲರಿಗೂ ತೆರೆದಿರುವ ಸಾಮಾನ್ಯ ಫೋಲ್ಡರಿಗೆ ಕೈಹಾಕಿದಳು. ಅಲ್ಲಿ ಹಿಂದೆ ಕಾಣದ ಒಂದು ಪತ್ರ ಇತ್ತು. ಬರೆದವರ ಹೆಸರಿಲ್ಲ. "ವಿಭಾಗದ ಹಿತೈಷಿ" ಎಂದಷ್ಟೇ.

"ನವೆಂಬರಿನ ವಾರ್ಷಿಕ ಊಟಕ್ಕೆ ಆರು ವರ್ಷದಿಂದ ಲಾರ್ನಾ ಅವರದೇ ಹಾಟ್‌ಡಿಶ್. ಕೊಚ್ಚಿದ ಮಾಂಸಕ್ಕೆ ಡಬ್ಬಿಯ ಅಣಬೆ ಸೂಪು ಸುರಿದು, ಮೇಲೆ ಆಲೂಗಡ್ಡೆ ಜೋಡಿಸಿ ಬೇಯಿಸುವುದು ಕಷ್ಟವೇನಲ್ಲ. ಆದರೂ ಉಪ್ಪು ಜಾಸ್ತಿ, ತಳ ಸೀದಿರುತ್ತದೆ. ಪಾಪ, ಬೆಳಗಿನ ಐದಕ್ಕೆ ಎದ್ದು ಮಾಡುತ್ತಾರೆ, ಬೆನ್ನು ಬೇರೆ ನೋವು. ದಯವಿಟ್ಟು ಈ ವರ್ಷ ಬೇರೆಯವರು ಮಾಡಲಿ."

ಹಳೆಯ ಕಂಪ್ಯೂಟರಿನಲ್ಲಿ ಕಾಣದ ಒಂದು ಕಾಲಂ ಹೊಸದರಲ್ಲಿತ್ತು. ಫೈಲಿನ ಹೆಸರು, ತಾರೀಖು, ಅದರ ಪಕ್ಕದಲ್ಲಿ ಯಜಮಾನ. ಪತ್ರದ ಯಜಮಾನ: ಆರಿನ್.

ಮಾರ್ಲಿಸ್ ಮೇಜಿನ ಕೆಳಗೆ ಚಾಚಿಕೊಂಡಿದ್ದ ಅವನ ಕಾಲುಗಳನ್ನೇ ಒಂದು ನಿಮಿಷ ದಿಟ್ಟಿಸಿದಳು. ಆ ಊರಿನವರು ಯಾರನ್ನೂ ಎದುರಿಗೆ ಬೈಯುವುದಿಲ್ಲ. "ಹ್ಞೂಂ, ಒಂಥರಾ ಬೇರೆ ಇದೆ" ಎಂದುಬಿಟ್ಟರೆ ಅದೇ ಅವರ ಬೈಗುಳದ ತುತ್ತತುದಿ. ಆಕೆ ಪತ್ರವನ್ನೂ ಫೈಲುಗಳ ಪಟ್ಟಿಯನ್ನೂ ಪ್ರಿಂಟು ತೆಗೆದು, ಗಿಡಗಳಿಗೆ ನೀರು ಹಾಕಿ ಬರುತ್ತೇನೆಂದು ಎದ್ದಳು. ಆ ಕಟ್ಟಡದಲ್ಲಿದ್ದದ್ದು ಒಂದೇ ಗಿಡ, ಅದೂ ಪ್ಲಾಸ್ಟಿಕ್ಕಿನದು.

ಹತ್ತು ಗಂಟೆಗೆ ಕಾಫಿಗೆ ಹೋದ ಆರಿನ್‌ಗೆ ಏನೋ ಸರಿಯಿಲ್ಲ ಅನ್ನಿಸಿತು. ಅವನು ಕೂತ ಕೂಡಲೇ ಅಕ್ಕಪಕ್ಕದ ಕುರ್ಚಿಗಳು ಒಂದಿಷ್ಟು ಸರಿದವು. ಖನಿಜಶಾಸ್ತ್ರದ ಪ್ರೊಫೆಸರ್ ಗೇಲನ್ ರಸ್ಟ್ ಅವನಿಗೆ ಸಕ್ಕರೆ ಡಬ್ಬಿ ದಾಟಿಸುತ್ತ, ಬಹಳ ಮೃದುವಾಗಿ ಕೇಳಿದರು.

"ಆರಿನ್, ನಿಮಗೆ ಊಟದಲ್ಲಿ ಉಪ್ಪು ಸ್ವಲ್ಪ ಕಮ್ಮಿ ಇದ್ರೇನೇ ಇಷ್ಟ, ಅಲ್ವಾ?"

"ಹೌದು. ಬಿಪಿ ಇದೆ ನೋಡಿ."

ಗೇಲನ್ ಮಾರ್ಲಿಸಳನ್ನು ನೋಡಿದರು. ಮಾರ್ಲಿಸ್ ಛಾವಣಿಯನ್ನು ನೋಡಿದಳು. ಇದರಲ್ಲಿ ತಾನು ಏನನ್ನು ಒಪ್ಪಿಕೊಂಡಂತಾಯಿತೆಂದು ಆರಿನ್‌ಗೆ ತಿಳಿಯಲಿಲ್ಲ.

ತಿಳಿದದ್ದು ಅವನ ಕೋಣೆಗೆ ಬಂದಮೇಲೆ. ಬಾಗಿಲ ಸಂದಿಯಿಂದ ಯಾರೋ ಆ ಎರಡು ಹಾಳೆಗಳನ್ನು ತೂರಿಸಿದ್ದರು. ಅವನ ಹೆಸರಿನ ಮೇಲೆ ಹಳದಿ ಬಣ್ಣ ಬಳಿದಿತ್ತು. ಸಹಿ ಹಾಕಬೇಕಾದವರ ಅಡುಗೆಯನ್ನೇ, ಅದೂ ಸಹಿ ಹಾಕುವ ದಿನವೇ, ಅವನು ಹೀಗಳೆದಿದ್ದಾನೆ ಎಂದು ಕಂಪ್ಯೂಟರು ಸಾಕ್ಷಿ ಹೇಳುತ್ತಿತ್ತು. ಯಾರೋ ತನ್ನ ಹೆಸರಲ್ಲಿ ಒಳಗೆ ನುಗ್ಗಿ ಇದನ್ನು ಬರೆದಿದ್ದಾರೆ. ಯಾರು? ಗೇಲನ್ ಅಲ್ಲದೆ ಇನ್ಯಾರು? ಹೋದ ವಾರ ಇವನು ಶೌಚಕ್ಕೆ ಹೋಗಿ ಬರುವಷ್ಟರಲ್ಲಿ ಇವನ ಕುರ್ಚಿಯಲ್ಲಿ ಕೂತಿದ್ದವರು ಅವರೇ. ಬೆನ್ನಿಗೆ ಈ ಕುರ್ಚಿ ಹಿತವಾಗಿದೆ ಎಂದಿದ್ದರು. ಎಂಥಾ ಹಿತವೋ. ಆರಿನ್ ಮೂರು ಸಲ ಪಾಸ್‌ವರ್ಡ್ ಬದಲಿಸಿ, ಮೂರನೆಯದನ್ನು ಮರೆತು, ನಾಲ್ಕನೆಯದನ್ನು ಅಂಗೈಯಲ್ಲಿ ಬರೆದುಕೊಂಡ.

ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ತಟ್ಟಿದ್ದು ಲಾರ್ನಾ. ಕೈಯಲ್ಲಿ ಒಂದು ತಟ್ಟೆ ನಿಂಬೆಯ ಸಿಹಿ. ಕೂರಲಿಲ್ಲ, ಬಾಗಿಲನ್ನು ಮಾತ್ರ ಮೆಲ್ಲಗೆ ಮುಚ್ಚಿದರು.

"ಪತ್ರ ಓದಿದೆ ಆರಿನ್. ಬರೆದವರ ಮೇಲೆ ನನಗೇನೂ ಕೋಪ ಇಲ್ಲ. ಈ ವಿಭಾಗದಲ್ಲಿ ಒಬ್ಬರಾದ್ರೂ ಬಾಯಿ ಬಿಟ್ಟು ಹೇಳಿದ್ರಲ್ಲ ಅಂತ ಸಮಾಧಾನಾನೇ ಆಯ್ತು. ಮೀಟಿಂಗಲ್ಲಿ 'ಹೌದು, ನಾನೇ ಬರೆದೆ' ಅಂತ ಒಂದು ಮಾತು ಅಂದುಬಿಡಿ. ಆಮೇಲೆ ನಾನು ನಿಮ್ಮ ಕಾಗದಕ್ಕೆ ಸಹಿ ಹಾಕ್ತೀನಿ. ಅಷ್ಟೇ."

ಎಷ್ಟು ನಯವಾದ ಬೋನು, ಎಂದುಕೊಂಡ ಆರಿನ್. ತಪ್ಪೊಪ್ಪಿಗೆ ಬಾಯಿಂದ ಬರಲಿ, ಆಮೇಲೆ ಎಲ್ಲರ ಮುಂದೆ ನೆಲಕ್ಕೆ ಹಾಕಿ ತುಳಿಯೋಣ ಎಂಬ ಉಪಾಯ. ಕೋಪ ಇಲ್ಲ ಎನ್ನುತ್ತ ಸಿಹಿ ತಂದವರನ್ನು ಯಾರಾದರೂ ನಂಬುತ್ತಾರೆಯೇ? ತಾನು ಆ ಪತ್ರ ಬರೆದೇ ಇಲ್ಲ, ಅವರ ಹಾಟ್‌ಡಿಶ್ ಎಂದರೆ ತನಗೆ ಪ್ರಾಣ, ಮೂರು ಗಂಟೆಯೊಳಗೆ ನಿಜವಾದ ಅಪರಾಧಿಯನ್ನು ಹಿಡಿದು ತೋರಿಸುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದ.

"ಅಷ್ಟೆಲ್ಲ ಕಷ್ಟ ಪಡಬೇಡಿ," ಎಂದರು ಲಾರ್ನಾ. ಅವರ ಮುಖ ಯಾಕೋ ಬಿಳಿಚಿಕೊಂಡಿತ್ತು.

"ಕಷ್ಟ ಏನು ಬಂತು, ನನ್ನ ಕರ್ತವ್ಯ."

ಅವರು ಹೋದಮೇಲೆ ಅವನು ಆ ಸಿಹಿಯನ್ನು ಮೂಸಿ ನೋಡಿ, ಮುಟ್ಟದೆ ಕಿಟಕಿಯ ಮೇಲಿಟ್ಟ.

ಎರಡೂವರೆಗೆ, ಬೇರೇನೂ ತೋಚದೆ, ಅವನು ಮತ್ತೆ ಮಾರ್ಲಿಸಳ ಕಂಪ್ಯೂಟರಿನ ಮುಂದೆ ಕೂತ. ಬೆಳಗ್ಗೆಯೇ ಮಾಡಬೇಕಾಗಿದ್ದ ಕೆಲಸ ಈಗ ಮಾಡಿದ. ಬರುವ ಮೊದಲು ತನ್ನ ಕೋಣೆಯ ಯಂತ್ರದಿಂದ ಸಾಮಾನ್ಯ ಫೋಲ್ಡರಿಗೆ ಒಂದು ಖಾಲಿ ಫೈಲು ಹಾಕಿ ಬಂದಿದ್ದ. ಅದು ಇಲ್ಲಿ ಯಾರ ಹೆಸರಲ್ಲಿ ಕಾಣುತ್ತದೆಂದು ನೋಡಿದ. ಯಜಮಾನ: ಗೇಲನ್.

ಆರಿನ್ ಕಣ್ಣುಜ್ಜಿಕೊಂಡ. ಹೆಸರು ಬೇಡ, ಬರೀ ನಂಬರು ತೋರಿಸು ಎಂದು ಯಂತ್ರಕ್ಕೆ ಹೇಳಿದ. ಅವನ ಖಾಲಿ ಫೈಲು ಸಾವಿರದ ಮೂರು. ಪತ್ರ ಸಾವಿರದ ಆರು. ಆಗ ಎಲ್ಲ ಹೊಳೆಯಿತು. ಮದುವೆ ಛತ್ರದ ಬಾಗಿಲಲ್ಲಿ ಬಂದವರ ಕೋಟು ಇಸಿದುಕೊಂಡು ಟೋಕನ್ ಕೊಡುವವನ ಹಾಗೆ ಸರ್ವರಿಗೆ ಮುಖದ ಗುರುತಿಲ್ಲ, ಟೋಕನ್ ನಂಬರಷ್ಟೇ ಗೊತ್ತು. ಯಾವ ನಂಬರು ಯಾರದು ಎನ್ನುವುದನ್ನು ಪ್ರತಿ ಕಂಪ್ಯೂಟರೂ ತನ್ನಲ್ಲಿರುವ ಪಟ್ಟಿ ನೋಡಿ ಹೇಳುತ್ತದೆ. ಹೊಸ ಯಂತ್ರ ಹೆಸರು ಹೊಡೆದ ಕ್ರಮದಲ್ಲೇ ನಂಬರು ಕೊಟ್ಟುಕೊಂಡಿತ್ತು. ಇವನು ಕಾಫಿ ಮೇಜಿನ ಕ್ರಮದಲ್ಲಿ ಹೊಡೆದ ಪಟ್ಟಿಯಲ್ಲಿ ಎಲ್ಲರ ಕೋಟೂ ಇನ್ನೊಬ್ಬರ ಮೈಮೇಲೆ ಕೂತಿತ್ತು. ಮಾರ್ಲಿಸಳಿಗೆ ಅವಳ ಫೈಲು ಸಿಗದಿದ್ದದ್ದೂ ಅದಕ್ಕೇ.

ಅಷ್ಟರಲ್ಲಿ ಮೂರು ಹೊಡೆಯಿತು. ಸಾವಿರದ ಆರು ನಿಜವಾಗಿ ಯಾರೆಂದು ನೋಡಲು ಪುರಸೊತ್ತಿರಲಿಲ್ಲ. ನೋಡುವುದೇನಿದೆ, ಗೇಲನ್ ಅಲ್ಲದೆ ಇನ್ಯಾರು?

ಮೀಟಿಂಗ್ ಕೋಣೆಗೆ ಹೋಗುವ ಇಪ್ಪತ್ತು ಹೆಜ್ಜೆಯಲ್ಲಿ ಆರಿನ್ ತೀರ್ಮಾನ ಮಾಡಿದ. ನಿಜ ಹೇಳಿದರೆ ತನ್ನ ಸೋಮಾರಿತನ ಬಯಲಾಗುತ್ತದೆ. ಹೇಳದಿದ್ದರೆ ತಾನು ಪತ್ರ ಬರೆದ ದ್ರೋಹಿ. ಸೋಮಾರಿಯನ್ನು ಕ್ಷಮಿಸುತ್ತಾರೆ, ದ್ರೋಹಿಯನ್ನು ಕ್ಷಮಿಸುವುದಿಲ್ಲ. ಮೀಟಿಂಗ್ ಶುರುವಾದ ಕೂಡಲೇ ಅವನು ಎದ್ದು ನಿಂತು ಎಲ್ಲವನ್ನೂ ಬಿಡಿಸಿ ಹೇಳಿದ: ಹಿಮ, ಟೈರು, ಕಾಫಿ ಮೇಜು, ಟೋಕನ್ನು. ಲಾರ್ನಾ ಎರಡು ಸಲ ಅಡ್ಡ ಬಂದರು. ಆಯಿತು ಬಿಡಿ, ಅರ್ಥವಾಯಿತು, ಮುಂದಿನ ವಿಷಯಕ್ಕೆ ಹೋಗೋಣ ಎಂದರು. ಆರಿನ್ ಬಿಡಲಿಲ್ಲ. ಗೋಡೆಯ ದೊಡ್ಡ ಪರದೆಗೆ ಸರ್ವರನ್ನೇ ಜೋಡಿಸಿ, ಅಸಲಿ ಪಟ್ಟಿಯನ್ನು ಕೇಳಿದ. ಸಾವಿರದ ಆರು ಯಾರು?

ಗೇಲನ್ ಮುಖವನ್ನೇ ನೋಡುತ್ತ ಅವನು ಗುಂಡಿ ಒತ್ತಿದ. ಗೇಲನ್ ಮುಖದಲ್ಲಿ ಮೂಡಿದ್ದು ಬೆರಗು. ಆರಿನ್ ತಿರುಗಿ ಪರದೆ ನೋಡಿದ.

ಲಾರ್ನಾ ಹೌಗ್‌ಸ್ಟಾಡ್.

ಮೊದಲು ಬಾಯಿ ಬಿಟ್ಟವಳು ಮಾರ್ಲಿಸ್: "ಹ್ಞೂಂ, ಒಂಥರಾ ಬೇರೆ ಇದೆ."

ಲಾರ್ನಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊದಲನೇ ವರ್ಷ ನೀವೆಲ್ಲ ಚೆನ್ನಾಗಿದೆ ಅಂದ್ರಿ. ಆಮೇಲೆ ನಿಲ್ಲಿಸೋಕೇ ಆಗ್ಲಿಲ್ಲ. ಯಾರಾದ್ರೂ ಬೈದರೆ ಮರ್ಯಾದೆಯಿಂದ ಬಿಡಬಹುದು ಅಂತ ಆರು ವರ್ಷ ಕಾದೆ. ಯಾರೂ ಬೈಲಿಲ್ಲ. ಉಪ್ಪು ಸುರಿದೆ, ಬೇಕಂತಲೇ ತಳ ಸೀಯಿಸಿದೆ. ಗೇಲನ್ ಎರಡನೇ ಸಲ ಹಾಕಿಸಿಕೊಂಡ್ರು."

"ಮೂರನೇ ಸಲಾನೂ," ಎಂದರು ಗೇಲನ್, ನೊಂದ ದನಿಯಲ್ಲಿ.

ಕಿಟಕಿಯ ಮೇಲಿಟ್ಟು ಬಂದ ನಿಂಬೆಯ ಸಿಹಿ ಆರಿನ್‌ಗೆ ನೆನಪಾಯಿತು. ಅದು ಬೋನಾಗಿರಲಿಲ್ಲ. ಬರೀ ಸಿಹಿಯಾಗಿತ್ತು. ಅದರ ಹಿಂದೆ ಸಹಿಯೂ ಇತ್ತು, ಎರಡು ಹಲ್ಲಿನ ಚಿಕಿತ್ಸೆಯೂ ಇತ್ತು. ಒಂದೇ ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು.

ಲಾರ್ನಾ ತಮ್ಮ ಮುಂದಿದ್ದ ಕಾಗದವನ್ನು ನಿಧಾನವಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡರು. ಕಾಫಿ ಮೇಜಿನ ಕ್ರಮದಲ್ಲಿ ಕಂಪ್ಯೂಟರು ಜೋಡಿಸುವವರನ್ನು ಇನ್ನೂ ಆರು ತಿಂಗಳು ನೋಡುವುದು ವಾಸಿ ಎಂದರು. ಇನ್ನು ಹಾಟ್‌ಡಿಶ್ ವಿಷಯ, ಎಂದು ಕೋಣೆಯನ್ನೆಲ್ಲ ಒಮ್ಮೆ ನೋಡಿದರು. ಆರು ಜನ ಒಟ್ಟಿಗೆ ಆರಿನ್ ಕಡೆ ತಿರುಗಿದರು.

ಊಟದ ಪಟ್ಟಿ ಇದ್ದದ್ದು ಮಾರ್ಲಿಸಳ ಕಂಪ್ಯೂಟರಿನಲ್ಲಿ. ಅದು ಇನ್ನೂ ಅವಳಿಗೆ ಅನುಮತಿ ಕೊಡುತ್ತಿರಲಿಲ್ಲ. ಹಾಗಾಗಿ ಆಕೆ ಗೋಡೆಗೆ ಅಂಟಿಸಿದ್ದ ಹಳೆಯ ಹಾಳೆಯಲ್ಲೇ ಲಾರ್ನಾ ಹೆಸರಿಗೆ ಗೀಟು ಹಾಕಿ, ಪೆನ್ನಿನಿಂದ ದಪ್ಪಗೆ ಆರಿನ್ ಎಂದು ಬರೆದಳು.

ದವಡೆ ಒತ್ತಿ ಹಿಡಿದುಕೊಂಡಿದ್ದ ಆರಿನ್ ಕೇಳಿದ, "ಈ ವರ್ಷಕ್ಕೆ ಮಾತ್ರ ತಾನೇ?"

"ಇಲ್ಲ ಕಣಪ್ಪಾ," ಎಂದಳು ಮಾರ್ಲಿಸ್, ಪೆನ್ನಿನ ಮುಚ್ಚಳ ಹಾಕುತ್ತ. "ಇದು ಕಾಯಂ."