ನನ್ನ ಕೈಗುಣ, ಪಕ್ಕದವರ ಪಾಯ

ಹೊಗಳಿಕೆ ಬೇಡವೆನ್ನುವ ಮನುಷ್ಯನನ್ನು ನಾನು ಇದುವರೆಗೂ ನಂಬಿಲ್ಲ. ನನ್ನನ್ನೇ ತೆಗೆದುಕೊಳ್ಳಿ. ನಂಜನಗೂಡಿನಲ್ಲಿ ಮನೆ, ಟಿ. ನರಸೀಪುರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಕೆಲಸ, ನಡುವೆ ಬಸ್ಸು. ಗಣಿತದ ಮೇಷ್ಟ್ರನ್ನು ಹೊಗಳುವವರು ಯಾರು ಹೇಳಿ? ಹುಡುಗ ಪಾಸಾದರೆ ಹುಡುಗ ಜಾಣ, ಫೇಲಾದರೆ ಮೇಷ್ಟ್ರು ಸರಿಯಿಲ್ಲ. ಹೀಗೆ ಒಂದು ಒಳ್ಳೆಯ ಮಾತಿಗೆ ಬರಗೆಟ್ಟು ಕೂತಿದ್ದವನಿಗೆ ನಮ್ಮ ಬೀದಿಯಲ್ಲಿ ತಾನಾಗಿಯೇ ಒಂದು ಹೆಸರು ಬಂತು. ಮೇಷ್ಟ್ರ ಕೈಗುಣ ಬಹಳ ಒಳ್ಳೆಯದಂತೆ! ಯಾರದೋ ಬೋರ್‌ವೆಲ್ಲಿಗೆ ನಾನು ಕಾಯಿ ಒಡೆದೆ, ನೀರು ಬಂತು. ಇನ್ಯಾರದೋ ಸ್ಕೂಟರಿನ ಚಕ್ರದಡಿ ನಿಂಬೆಹಣ್ಣು ಇಟ್ಟೆ, ಆ ಸ್ಕೂಟರ್ ಇನ್ನೂ ಓಡುತ್ತಿದೆ. ಅಷ್ಟೇ ಸಾಕಾಯಿತು. ನನ್ನ ಹೆಂಡತಿ ಜಯಾ ಮಾತ್ರ ಒಪ್ಪಲಿಲ್ಲ. "ಅಂಥಾ ಕೈಗುಣ ಇದ್ರೆ ನಮ್ಮ ಮಿಕ್ಸೀನ ಒಂದ್ಸಲ ಮುಟ್ಟಿ, ನೋಡೋಣ" ಎಂದಳು. ಮುಟ್ಟಿದೆ. ಆ ವಿಷಯ ಈಗ ಬೇಡ.

ನಮ್ಮ ಪಕ್ಕದ ಖಾಲಿ ಸೈಟನ್ನು ಸೋಸಲೆ ಕಡೆಯ ಪುಟ್ಟಸ್ವಾಮಿ ಕೊಂಡರು. ಒಳ್ಳೆಯ ಮನುಷ್ಯ, ಮಾತು ಸ್ವಲ್ಪ ಜೋರು. ಒಂದು ಬೆಳಿಗ್ಗೆ ವೀಳ್ಯದೆಲೆ, ರಸಬಾಳೆಯ ಚಿಪ್ಪು ಹಿಡಿದು ಬಂದು, "ಸಾ, ಗುದ್ದಲಿ ಪೂಜೆ ಮಡಗೀವ್ನಿ. ಮೊದಲ್ನೇ ಏಟು ನೀವೇ ಆಕ್ಬೇಕು. ಅಯ್ನೋರು ಮಂತ್ರ ಏಳ್ಕಳ್ಳಿ, ಕೈಗುಣ ಮಾತ್ರ ನಿಮ್ದೇ ಆಗ್ಬೇಕು" ಎಂದರು. ನಮ್ಮ ಕಡೆ ಮನೆ ಕಟ್ಟುವ ಮುಂಚೆ ಗುದ್ದಲಿಗೆ ಅರಿಶಿನ ಕುಂಕುಮ ಹಚ್ಚಿ, ಈಶಾನ್ಯ ಮೂಲೆಯಲ್ಲಿ ಕೈಗುಣವಿದ್ದವರಿಂದ ನೆಲಕ್ಕೆ ಮೊದಲ ಏಟು ಹಾಕಿಸುವುದು ರೂಢಿ. ನಾನು ಇಸ್ತ್ರಿ ಮಾಡಿದ ಪಂಚೆ ಉಟ್ಟು ಹೋಗಿ ಏಟು ಹಾಕಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪುಟ್ಟಸ್ವಾಮಿಯ ಮಗಳು ಫೋಟೋ ತೆಗೆದು, ಪ್ರಿಂಟು ಹಾಕಿಸಿ ಕಳಿಸಿದಳು. ಗುದ್ದಲಿ ಹಿಡಿದು ನಿಂತ ನನ್ನ ಗಾಂಭೀರ್ಯ ನನಗೇ ಎಷ್ಟು ಹಿಡಿಸಿತೆಂದರೆ, ಅದಕ್ಕೆ ಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದೆ.

ಪಾಯ ತೋಡುತ್ತಾರೆಂದು ನಾವು ತಿಳಿದಿದ್ದೆವು. ಅವರು ತೋಡಿದ್ದು ಸೆಲ್ಲಾರು. ಕೆಳಗೆ ಗೋಡೌನು, ಮೇಲೆ ಮನೆ ಎಂಬ ಲೆಕ್ಕ. ಜೆಸಿಬಿ ನಮ್ಮ ಕಾಂಪೌಂಡಿಗೆ ಮೂತಿ ತಾಗಿಸಿಕೊಂಡು, ನಮ್ಮ ಅಡಿಗೆಮನೆಯ ಪಾಯಕ್ಕಿಂತ ಕೆಳಕ್ಕೆ ಇಳಿಯಿತು. ಆ ಕಡೆ ಮಣ್ಣು ಜಾರತೊಡಗಿತು. ಈ ಕಡೆ ಅಡಿಗೆಮನೆಯ ಗೋಡೆಯಲ್ಲಿ ಒಂದು ಗೆರೆ ಕಾಣಿಸಿತು. ನಾನು ಜೇಡರ ಬಲೆ ಎಂದೆ. ಜಯಾ ಪೊರಕೆ ತಂದು ಗುಡಿಸಿದಳು, ಹೋಗಲಿಲ್ಲ. ವಾರ ಕಳೆಯುವುದರೊಳಗೆ ಅದರೊಳಗೆ ಚಮಚ ನಿಲ್ಲಿಸಬಹುದಾಗಿತ್ತು. ಜಯಾ ನಿಲ್ಲಿಸಿಯೂ ತೋರಿಸಿದಳು. ಪರಿಚಯದ ಎಂಜಿನಿಯರೊಬ್ಬರು ಬಂದು ನೋಡಿ, "ಒಲೆ ಆಚೆ ತನ್ನಿ. ಮಳೆಗಾಲದೊಳಗೆ ಆ ಕಡೆ ತಡೆಗೋಡೆ ಏಳದಿದ್ರೆ ಈ ಗೋಡೆ ನಿಲ್ಲಲ್ಲ" ಎಂದರು. ಆವತ್ತಿನಿಂದ ಹಾಲೇ ನಮ್ಮ ಅಡಿಗೆಮನೆ. ಸೋಫಾ ಮೇಲೆ ಸಾರಿನ ಪಾತ್ರೆ, ಟೀವಿ ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್. ಜಯಾ ಅಳುವವಳಲ್ಲ. ಆದರೆ ಖಾಲಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಇಷ್ಟು ವರ್ಷ ಸಾಲ ಕಟ್ಟಿದ್ದು ಇದಕ್ಕೇನ್ರೀ?" ಎಂದಳು. ಮಳೆ ಬೀಳುವುದರೊಳಗೆ ಇದಕ್ಕೊಂದು ದಾರಿ ಮಾಡದೆ ಬಿಡುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ.

ಮೊದಲು ಪುಟ್ಟಸ್ವಾಮಿಯ ಹತ್ತಿರವೇ ಹೋದೆ. "ನಿಮ್ದು ಅಳೇ ಮನೆ ಸಾ, ಬಿರುಕು ಮೊದ್ಲೇ ಇತ್ತು" ಎಂದರು. ನಾನು ಕೆರಳಿದೆ. ಅವರೂ ಕೆರಳಿ, "ಗಟ್ಟಿಯಾಗಿ ಕಟ್ಟಿದ್ರೆ ಯಾಕ್ ಬಿರುಕ್ ಬಿಡ್ತದೆ? ನಮ್ ಸೋಮನಾಥಪುರದ ದೇವಸ್ಥಾನ ನೋಡಿ, ಎಷ್ಟು ಕಾಲದಿಂದ ನಿಂತದೆ!" ಎಂದರು.

"ಅದರ ಪಕ್ಕದಲ್ಲಿ ಯಾರೂ ಸೆಲ್ಲಾರು ತೋಡಿಲ್ಲ ಕಣ್ರೀ!"

ಈ ಉತ್ತರ ನನಗೆ ಸರಿಯಾದ ಹೊತ್ತಿಗೇ ಹೊಳೆಯಿತೆಂದು ಬಹಳ ಸಂತೋಷವಾಯಿತು. ಸಾಮಾನ್ಯವಾಗಿ ನನಗೆ ಇಂಥವೆಲ್ಲ ಬಸ್ಸು ಹತ್ತಿದ ಮೇಲೆ ಹೊಳೆಯುತ್ತವೆ. ಆದರೆ ಉತ್ತರದಿಂದ ಬಿರುಕು ಮುಚ್ಚುವುದಿಲ್ಲವಲ್ಲ. ಮಾರನೆಯ ದಿನ ಸ್ಕೂಲು ಬಿಟ್ಟವನೇ ನರಸೀಪುರದಲ್ಲೇ ಇರುವ ವಕೀಲೆ ಮಂಜುಳಾಳ ಆಫೀಸಿಗೆ ನಡೆದೆ. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಅವಳಿಗೆ ಒಂದು ಕಾಲದಲ್ಲಿ ನಾನೆಂದರೆ ಹೆದರಿಕೆ ಇತ್ತು. ಆವತ್ತು ಬೆಂಚಿನ ಮೇಲೆ ಕೈಕಟ್ಟಿ ಕೂತವನು ನಾನು.

"ಅವ್ರ ಸೈಟಲ್ಲಿ ಅವ್ರು ಅಗೀಬಹುದು ಸರ್. ಆದ್ರೆ ನಿಮ್ಮ ಜಾಗಕ್ಕೆ ಪಕ್ಕದ ಮಣ್ಣಿನ ಆಸರೆ ಇರೋದು ನಿಮ್ಮ ಹಕ್ಕು. ಅದನ್ನ ತೆಗೆದು ನಿಮ್ಮ ಮನೆಗೆ ಪೆಟ್ಟಾದ್ರೆ ನಷ್ಟ ಕಟ್ಟಿಕೊಡ್ಬೇಕು. ಅಗೆತ ನಿಲ್ಲಿಸೋಕೂ ಕೇಳಬಹುದು. ಸರಿ, ಗೋಡೆ ಮೊದ್ಲು ಚೆನ್ನಾಗಿತ್ತು ಅನ್ನೋದಕ್ಕೆ ಏನಿದೆ?"

"ನಾನಿದೀನಲ್ಲಮ್ಮ, ನಾನು ಹೇಳ್ತೀನಿ."

"ಹೇಳಿದ್ರೆ ಸಾಲ್ದು ಸರ್. ಕ್ಲಾಸಲ್ಲಿ ನೀವೇ ಅಂತಿದ್ರಲ್ಲ, ಉತ್ತರ ಹೇಳಿದ್ರೆ ಮಾರ್ಕ್ಸಿಲ್ಲ, ಸಾಧಿಸಿ ತೋರಿಸು ಅಂತ. ತೋರಿಸಿ."

ನಾನು ಕಲಿಸಿದ್ದು ಅವಳಿಗೆ ಇಷ್ಟು ಚೆನ್ನಾಗಿ ನೆನಪಿರಬೇಕಾಗಿರಲಿಲ್ಲ. ಮನೆಗೆ ಬಂದು ಫೋನಿನಲ್ಲಿದ್ದ ಫೋಟೋಗಳನ್ನೆಲ್ಲ ಜಾಲಾಡಿದೆ. ನೆಂಟರ ಮದುವೆಗಳಿದ್ದವು, ತುಂಬಿ ಹರಿಯುವ ಕಪಿಲೆ ಇತ್ತು, ನನ್ನದೇ ಹೆಬ್ಬೆರಳಿನ ಹಲವು ಚಿತ್ರಗಳಿದ್ದವು. ಅಡಿಗೆಮನೆಯ ಹೊರಗೋಡೆ ಒಂದರಲ್ಲೂ ಇರಲಿಲ್ಲ. ಯಾರು ತಾನೆ ತನ್ನ ಅಡಿಗೆಮನೆಯ ಬೆನ್ನಿನ ಫೋಟೋ ತೆಗೆಯುತ್ತಾನೆ? ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ಒಗ್ಗರಣೆ ಹಾಕುತ್ತಿದ್ದ ಜಯಾ ಸೌಟಿನಿಂದಲೇ ಗೋಡೆಯತ್ತ ತೋರಿಸಿದಳು. "ಅಲ್ಲಿದೆಯಲ್ಲ."

ನನ್ನ ಕಟ್ಟು ಹಾಕಿಸಿದ ಫೋಟೋ. ನನ್ನ ಬೆನ್ನ ಹಿಂದೆ, ಉದ್ದಕ್ಕೂ, ಒಂದು ಗೆರೆಯೂ ಇಲ್ಲದ ನಮ್ಮ ಅಡಿಗೆಮನೆಯ ಗೋಡೆ! ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ಗೋಡೆಯ ಮುಂದೆ ನಿಂತವನನ್ನು ನೋಡಿದೆ. ಗೋಡೆ ಗಟ್ಟಿಯಾಗಿತ್ತೆಂಬುದಕ್ಕೆ ಲೋಕದಲ್ಲಿ ಇದ್ದ ಒಂದೇ ಸಾಕ್ಷಿಯಲ್ಲಿ, ಅದರ ಪಕ್ಕದ ನೆಲಕ್ಕೆ ಗುದ್ದಲಿ ಹಾಕುತ್ತಿರುವವನು ನಾನೇ.

"ಇದನ್ನ ಕೊಟ್ರೆ ಮಾನ ಹೋಗುತ್ತಲ್ಲೇ?"

"ಕೊಡದಿದ್ರೆ ಗೋಡೆ ಹೋಗುತ್ತೆ. ಯಾವುದು ಬೇಕು ನೋಡ್ಕೊಳ್ಳಿ."

ಒಗ್ಗರಣೆಯ ಜಿಡ್ಡು ಒರೆಸಿ ಫೋಟೋ ಕೊಟ್ಟೆ. ನೋಟಿಸು ಹೋಯಿತು, ಉತ್ತರ ಬಂತು, ನಂಜನಗೂಡಿನ ಕೋರ್ಟಿನಲ್ಲಿ ದಾವೆ ಬಿತ್ತು. ನಾನು ಹೆದರಿದ್ದು ಮೊದಲ ವಿಚಾರಣೆಯಲ್ಲೇ ನಡೆಯಿತು. ಆ ಕಡೆಯ ವಕೀಲರು ಫೋಟೋ ಎತ್ತಿ ಹಿಡಿದು, "ಸ್ವಾಮಿ, ಅಗೆತ ಶುರು ಮಾಡಿರೋದೇ ಈ ಮೇಷ್ಟ್ರು! ಈಗ ಅವರೇ ಪರಿಹಾರ ಕೇಳ್ತಾ ಇದಾರೆ" ಎಂದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮಂಜುಳಾ ನಿಧಾನವಾಗಿ ಎದ್ದಳು.

"ಪೂಜೆ ಮಾಡಿದ ಮಾತ್ರಕ್ಕೆ ಸೆಲ್ಲಾರಿಗೆ ಒಪ್ಪಿಗೆ ಕೊಟ್ಟ ಹಾಗಾಗಲ್ಲ ಸ್ವಾಮಿ. ಅಲ್ಲದೆ ದಯವಿಟ್ಟು ಗುದ್ದಲಿಯ ತುದಿ ನೋಡಿ. ನೆಲದ ಮೇಲಿರೋ ಹೂವು ಕೂಡ ಅಲ್ಲಾಡಿಲ್ಲ. ಈ ಏಟಿಗೆ ಗೋಡೆ ಇರಲಿ, ಇರುವೆಗೂ ತೊಂದರೆಯಾಗಲ್ಲ."

ಇಡೀ ಕೋರ್ಟು ಆ ಫೋಟೋವನ್ನು ಬಗ್ಗಿ ನೋಡಿತು. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಆದರೆ ಅಗೆತಕ್ಕೆ ತಡೆ ಸಿಕ್ಕಿತು, ಕೋರ್ಟಿನ ಕಮಿಷನರ್ ಬಂದು ಬಿರುಕು ಅಳೆದರು. ಜಯಾ ಅವರಿಗೂ ಚಮಚ ನಿಲ್ಲಿಸಿ ತೋರಿಸಿದಳು. ವರದಿ ಬಂದ ಮೇಲೆ ಪುಟ್ಟಸ್ವಾಮಿ ಮೆತ್ತಗಾದರು. ಕೋರ್ಟಿನವರೇ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಿದಾಗ ರಾಜಿಯಾಯಿತು. ಮೊದಲು ಅವರ ಖರ್ಚಿನಲ್ಲಿ ತಡೆಗೋಡೆ, ಆಮೇಲೆ ನಮ್ಮ ಗೋಡೆ ಒಡೆದು ಕಟ್ಟುವ ಖರ್ಚು, ಜೊತೆಗೆ ನಮ್ಮ ತೊಂದರೆಗೆ ಪರಿಹಾರ. ಎಲ್ಲವನ್ನೂ ಕೋರ್ಟಿನಲ್ಲೇ ಬರೆಸಿದೆವು. ಮುಂಗಾರಿನ ಮೋಡ ಇನ್ನೂ ಕೇರಳದ ಕಡೆಯೇ ಇತ್ತು.

ತಡೆಗೋಡೆಯ ಕೆಲಸ ಶುರುವಾಗುವ ದಿನ ಪುಟ್ಟಸ್ವಾಮಿ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಮತ್ತೆ ವೀಳ್ಯದೆಲೆ, ರಸಬಾಳೆ. "ಆಗಿದ್ದಾಗೋಯ್ತು ಸಾ. ಇದ್ಕೂ ಮೊದಲ್ನೇ ಏಟು ನೀವೇ ಆಕ್ಬೇಕು. ಬೇರೇರ ಕೈಲಿ ಆಕ್ಸಕೆ ನಂಗೆ ಮನ್ಸೇ ಬರ್ನಿಲ್ಲ."

ನಾಚಿಕೆಯಾಗಬೇಕಿತ್ತು ನನಗೆ. ಪಂಚೆ ಹುಡುಕಲು ಒಳಗೆ ಹೋದೆ. ಜಯಾ ಫೋನು ಹಿಡಿದು ನಮ್ಮ ಮನೆಯ ನಾಲ್ಕೂ ಗೋಡೆಗಳ ಫೋಟೋ ತೆಗೆದು ಮುಗಿಸಿದ ಮೇಲೆಯೇ ನನ್ನನ್ನು ಬಿಟ್ಟಳು. ಈ ಸಲ ಸರಿಯಾಗಿ ಹಾಕಬೇಕೆಂದು ನಾನು ಗುದ್ದಲಿಯನ್ನು ತಲೆಯ ಮೇಲಕ್ಕೆತ್ತಿದಾಗ ಅವಳು ಕೂಗಿದಳು. "ರೀ, ಮೆತ್ತಗೆ! ಗೋಡೆ ಇದೆ!"

"ಏನೂ ಆಗಾಕಿಲ್ಲ ಸುಮ್ನಿರವ್ವ" ಎಂದರು ಪುಟ್ಟಸ್ವಾಮಿ. "ಮೇಷ್ಟ್ರ ಏಟು ಎಂಥದು ಅಂತ ಕೋರ್ಟಲ್ಲೇ ರುಜುವಾತಾಗೋಗದೆ."

ಕೂಲಿಯವರೆಲ್ಲ ನಕ್ಕರು. ಜಯಾ ಕೂಡ ನಕ್ಕಳು. ಇದಕ್ಕೂ ಏನಾದರೂ ಪರಿಹಾರ ಕೊಡಿಸಲಾಗುತ್ತದೆಯೇ ಎಂದು ಮಂಜುಳಾಳನ್ನು ಕೇಳಬೇಕೆಂದಿದ್ದೇನೆ.