ಕುಂಬಳಕಾಯಿ ಪರೀಕ್ಷೆ

ಭಾಗಣ್ಣನ ಎದೆಯೊಳಗೆ ಭಯ ಹೊಕ್ಕದ್ದು ಮಿರ್ಚಿ ಭಜಿ ಕಟ್ಟಿಕೊಟ್ಟಿದ್ದ ಕಾಗದದಿಂದ. ‘ಮನೆಗೆ ವಿಮೆ ಮಾಡಿಸುವ ಮುನ್ನ ಎರಡು ಕಡೆಯ ಕೋಟೇಶನ್ ತರಿಸಿ. ಕಂತು ಎಷ್ಟೆಂದಷ್ಟೇ ಅಲ್ಲ, ಯಾವ ಅಪಾಯಕ್ಕೆ ಪರಿಹಾರವಿದೆ ಎಂದೂ ನೋಡಿ’ ಎಂದು ಎಣ್ಣೆಯ ಕಲೆಯೊಳಗಿಂದ ಅದು ಹೇಳುತ್ತಿತ್ತು. ಭಾಗಣ್ಣ ತಲೆಯೆತ್ತಿ ಅಪಾಯವನ್ನು ನೋಡಿದ. ಸುರಪುರದ ಆ ಓಣಿಯ ನೆತ್ತಿಯ ಮೇಲೆ, ಗುಡ್ಡದ ಅಂಚಿನಲ್ಲಿ, ಲಾರಿಯಷ್ಟು ದೊಡ್ಡ ಗುಂಡುಕಲ್ಲು ಅವನ ಅಜ್ಜನ ಕಾಲದಿಂದ ಕುಕ್ಕರುಗಾಲಲ್ಲಿ ಕೂತಿತ್ತು. ಇವತ್ತೇಕೋ ಏಳಲು ಹವಣಿಸುತ್ತಿರುವಂತೆ ಕಂಡಿತು.

ಫೋನು ಮಾಡಿದ ಅರ್ಧ ಗಂಟೆಗೆ ಯಾದಗಿರಿಯ ಏಜೆಂಟ್ ಶಿವರಾಜ ಎರಡು ಕಂಪನಿಗಳ ಕೋಟೇಶನ್ ಕಳಿಸಿದ. ಹದಿನೆಂಟುನೂರು ರೂಪಾಯಿ ಕಂತಿನದ್ದರಲ್ಲಿ ಬೆಂಕಿ, ಮಳೆ, ಕಳವು ಎಲ್ಲ ಇದ್ದವು, ಗುಂಡುಕಲ್ಲು ಇರಲಿಲ್ಲ. ಗುಂಡುಕಲ್ಲೂ ಇದ್ದದ್ದಕ್ಕೆ ನಾಲ್ಕು ಸಾವಿರ.

“ಅದು ನಮ್ಮ ಮನಿಗೇ ಬರ್ತದಂತ ಏನ್ ಖಾತ್ರಿರೀ?” ಎಂದಳು ಹೆಂಡತಿ ಮಲ್ಲೇಶ್ವರಿ. “ಸಾಬರ ಮನಿ ಕಡಿ ಹೋದ್ರ ನಮ್ಮ ರೊಕ್ಕ ದಂಡ.”

ಪಕ್ಕದ ಮನೆಯ ಇಸ್ಮಾಯಿಲಸಾಬ ಗೋಡೆಯ ಮೇಲಿಂದ ತಲೆ ಹಾಕಿದ. “ನಮ್ಮ ಮನಿಗ್ಯಾಕ ಕಳಸ್ತೀಯವ್ವ? ನಿಮ್ಮ ಕಲ್ಲು ನೀವೇ ಇಟ್ಕೋರಿ! ಭಾಗಣ್ಣ, ಆ ಏಜೆಂಟನ ನಂಬರ್ ಇಲ್ಲಿ ಕೊಡು.”

ಮಧ್ಯಾಹ್ನದ ಹೊತ್ತಿಗೆ ಓಣಿಯ ಹನ್ನೆರಡು ಮನೆಯವರೂ ಒಬ್ಬರ ಮಾಳಿಗೆಯತ್ತ ಇನ್ನೊಬ್ಬರು ಬೆರಳು ತೋರಿಸುತ್ತಿದ್ದರು. ಕೊನೆಮನೆಯ ಮೌನಮ್ಮ ತೀರ್ಪು ಕೊಟ್ಟಳು: “ಬಾಯಿ ಯಾಕ್ ನೋಯಿಸ್ಕೋತೀರಿ? ಕಲ್ಲಿನ ಬಾಜೂದಿಂದ ಒಂದು ಕುಂಬಳಕಾಯಿ ಉಳ್ಳಿಸಿ ನೋಡ್ರಿ. ಅದು ಹೋದ ದಾರೀನೇ ಕಲ್ಲಿನ ದಾರಿ.”

ಕಾಯಿ ಭಾಗಣ್ಣನೇ ತಂದ, ಹೊತ್ತುಕೊಂಡು ಗುಡ್ಡವನ್ನೂ ಅವನೇ ಹತ್ತಿದ. ಗುಂಡುಕಲ್ಲಿನ ಹತ್ತಿರ ಕೆಮ್ಮು ಬಂದಾಗ ಬಾಯಿಗೆ ಟವೆಲ್ ಒತ್ತಿಕೊಂಡ. ಆ ಸದ್ದಿಗೇ ಅದು ಹೊರಟುಬಿಟ್ಟರೆ? ಕೆಳಗೆ ಇಸ್ಮಾಯಿಲಸಾಬ ಮೊಬೈಲ್ ಎತ್ತಿ ಹಿಡಿದು ಕೂಗಿದ: “ಬಿಡು ಬಿಡು! ವಿಡಿಯೋ ಸಬೂತು ನಾ ಹಿಡೀತೀನಿ!”

ಭಾಗಣ್ಣ ಕಣ್ಣು ಮುಚ್ಚಿ ಬಿಟ್ಟ. ಕಾಯಿ ಸಾಬರ ಬಾಗಿಲಿಗೇ ಗುರಿಯಿಟ್ಟು ಹೊರಟಿತು. ಆದರೆ ಬೇವಿನ ಬೇರಿಗೆ ತಾಗಿ, ಚಣ ಹೊತ್ತು ಯೋಚಿಸಿ, ದಿಕ್ಕು ಬದಲಿಸಿತು. ಮೌನಮ್ಮನ ಕಟ್ಟೆ ದಾಟಿತು. ಹಬ್ಬಕ್ಕೆ ಬಂದ ಅಳಿಯನಂತೆ ಯಾರನ್ನೂ ಕೇಳದೆ ಭಾಗಣ್ಣನ ಹೊಸ್ತಿಲು ಹಾರಿ, ನೀರಿನ ಕೊಡ ಒಡೆದು, ಅಡುಗೆಮನೆ ಸೇರಿತು.

ಓಣಿಯೆಲ್ಲ ನೆಮ್ಮದಿಯ ನಿಟ್ಟುಸಿರುಬಿಟ್ಟಿತು. ಭಾಗಣ್ಣ ಮಾತ್ರ ದಡದಡ ಇಳಿದು ಬಂದು ಫೋನು ಹಚ್ಚಿದ. ಒಂದು ತಾಸು ಎಂಗೇಜ್ ಬಂದ ಮೇಲೆ ಅದು ಹತ್ತಿತು.

“ಶಿವರಾಜ, ನಾಕ್ ಸಾವಿರದ್ದೇ ಮಾಡಪ್ಪ! ಈಗಿಂದೀಗ!”

“ಅದು ಆಗಂಗಿಲ್ರಿ ಕಾಕಾ. ಇಸ್ಮಾಯಿಲಚಾಚಾ ಕಳಿಸಿದ ವಿಡಿಯೋ ಕಂಪನಿ ಆಫೀಸ್ ತನಕ ಹೋಗ್ಯಾದ. ಕಲ್ಲು ಬರೂದು ಖಾತ್ರಿ ಇದ್ದ ಮನಿಗೆ ಯಾರ್ ಇನ್ಶೂರೆನ್ಸ್ ಕೊಡ್ತಾರ್ರಿ?”

“ಮತ್ತ ಉಳಿದವರಿಗೆ?”

“ಅವರಿಗೆ ಕಲ್ಲಿನ ಚಿಂತೀನೇ ಹೋತಲ್ರಿ. ಹದಿನೆಂಟುನೂರರದ್ದೇ ಸಾಕಂದ್ರು. ಹನ್ನೊಂದು ಮನಿ ಬುಕ್ ಆಗ್ಯಾವ, ನಿಮ್ಮ ದಯಾ!”

ಭಾಗಣ್ಣ ಬಾಗಿಲಿಗೆ ಬಂದು ಗುಡ್ಡದ ಕಡೆ ನೋಡಿದ. ಗುಂಡುಕಲ್ಲು ನೆಟ್ಟ ನೋಟದಿಂದ ಇವನನ್ನೇ ನೋಡುತ್ತ ಕೂತಿತ್ತು. ಇಷ್ಟು ವರ್ಷ ಅದಕ್ಕೆ ದಾರಿ ಗೊತ್ತಿರಲಿಲ್ಲ. ಈಗ ಅದೂ ಗೊತ್ತಾಗಿತ್ತು.